ತೋಟದ ಡೇಟಾ: ಮಾರುವುದಾ, ಬಿಟ್ಟಿ ಕೊಟ್ಟು ಸೇವೆಗೆ ದುಡ್ಡು ಕೇಳುವುದಾ?

ಕೊಡಗಿನ ಕಾಫಿ ಬೆಳೆಗಾರರ ಗುಂಪೊಂದು ತೋಟಗಳ ಮಳೆ, ತಳಿ, ಕೊಯ್ಲಿನ ವಿವರಗಳನ್ನು ಲಿಂಕ್ಡ್ ಡೇಟಾ ಮಾಡಲು ಹೊರಟಿದೆ ಎನ್ನಿ. ಅಂದರೆ ಪ್ರತಿ ತೋಟಕ್ಕೂ ಒಂದು ವೆಬ್ ವಿಳಾಸ, ಅಲ್ಲಿಂದ ಊರಿಗೆ, ತಳಿಗೆ, ಮಳೆ ಲೆಕ್ಕಕ್ಕೆ ಕೊಂಡಿ. ದುಡ್ಡು ಎಲ್ಲಿಂದ ಬರುತ್ತದೆ?

ಜಾಹೀರಾತು ಬಿಟ್ಟುಬಿಡಿ. ಇದನ್ನು ಓದುವುದು ಯಂತ್ರ, ಅದಕ್ಕೆ ಜಾಹೀರಾತು ಬೇಕಿಲ್ಲ.

ಚಂದಾ ಕಟ್ಟಿದವರಿಗೆ ಮಾತ್ರ ಡೇಟಾ ಕೊಟ್ಟರೆ ಲೆಕ್ಕ ಸುಲಭ. ಆದರೆ ಬೀಗ ಹಾಕಿದ ಡೇಟಾಗೆ ಹೊರಗಿನವರು ಕೊಂಡಿ ಹಾಕುವುದು ಕಡಿಮೆ. ಕೊಂಡಿಯೇ ಇಲ್ಲದಿದ್ದರೆ ಇಷ್ಟೆಲ್ಲ ಯಾಕೆ, ಒಂದು ಎಕ್ಸೆಲ್ ಹಾಳೆ ಸಾಕಿತ್ತಲ್ವಾ?

ಡೇಟಾ ಬಿಟ್ಟಿ ಕೊಟ್ಟು ಸೇವೆಗೆ ದುಡ್ಡು ಕೇಳುವುದು ನನಗೆ ಜಾಸ್ತಿ ಹಿಡಿಸುತ್ತದೆ. ವಿಕಿಪೀಡಿಯ ನಡೆಸುವ ಸಂಸ್ಥೆ 2021ರಲ್ಲಿ ಶುರು ಮಾಡಿದ ವಿಕಿಮೀಡಿಯ ಎಂಟರ್‌ಪ್ರೈಸ್ ಸೇವೆ ಹೀಗೇ: ಮಾಹಿತಿ ಎಲ್ಲರಿಗೂ ಉಚಿತ, ವೇಗ ಮತ್ತು ಭರವಸೆ ಬೇಕಾದ ದೊಡ್ಡ ಕಂಪನಿಗಳು ಹಣ ಕಟ್ಟುತ್ತವೆ. ನಮ್ಮಲ್ಲೂ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬಿದ್ದ ದಿನ ತೋಟದ ಪುಸ್ತಕದಲ್ಲಿ ‘1 ಇಂಚು 20 ಸೆಂಟ್’ ಅಂತ ಬರೆದಿಡುತ್ತಾರೆ; ಸೆಂಟ್ ಅಂದರೆ ಇಂಚಿನ ನೂರರಲ್ಲಿ ಒಂದು ಪಾಲು. ಅದನ್ನು 30.48 ಮಿಲಿಮೀಟರ್ ಮಾಡಿ, ತಾರೀಕು, ಜಾಗ ಸೇರಿಸಿ, ತಪ್ಪು ತಿದ್ದಿ, ಅವತ್ತೇ ತಲುಪಿಸುವ ಕೆಲಸಕ್ಕೆ ಬೆಲೆ ಇದೆ. ಐರೋಪ್ಯ ಒಕ್ಕೂಟದ ಅರಣ್ಯನಾಶ ತಡೆ ಕಾನೂನು ಕಾಫಿ ಬೆಳೆದ ಜಾಗದ ಅಕ್ಷಾಂಶ, ರೇಖಾಂಶ ಕೇಳುತ್ತದೆ. ಅದನ್ನು ಸಿದ್ಧ ಮಾಡಿಕೊಟ್ಟರೆ ರಫ್ತುದಾರರು ದುಡ್ಡು ಬಿಚ್ಚಿಯಾರು. ಆದರೆ ದಿನಾ ಕೂತು ಮಾಡುವವರು ಬೇಕು. ಸುಮ್ನೆ ಆಗುವ ಕೆಲಸ ಅಲ್ಲ.

ಎರಡು ಲೈಸೆನ್ಸ್ ದಾರಿಯೂ ಇದೆ: ತಾವೂ ಹಂಚುವವರಿಗೆ ಉಚಿತ, ಮುಚ್ಚಿಟ್ಟುಕೊಳ್ಳುವವರಿಗೆ ಬೆಲೆ. ಕಂಪನಿಗಳ ಮಾಹಿತಿ ಕೊಡುವ ಓಪನ್‌ಕಾರ್ಪೊರೇಟ್ಸ್ ಇದನ್ನು ಹಿಡಿದಿದೆ. ಆದರೆ ಯಾರು ನಿಯಮ ಮುರಿದರು ಅಂತ ಕಾಯುವುದು ಸಣ್ಣ ಗುಂಪಿಗೆ ಭಾರ.

ಬರೀ ಹೋಮ್‌ಸ್ಟೇ ನಡೆಸುವವರಿಗೆ ಇದ್ಯಾವುದೂ ಬೇಡ. ತಮ್ಮ ವೆಬ್ ಪುಟಕ್ಕೆ ಸ್ಕೀಮಾ ಡಾಟ್ ಆರ್ಗ್ ಗುರುತು (ಪುಟದಲ್ಲಿ ಏನಿದೆ ಅಂತ ಸರ್ಚ್ ಎಂಜಿನ್‌ಗೆ ಹೇಳುವ ಗುರುತು) ಹಾಕಿದರೆ ಹುಡುಕಾಟದಲ್ಲಿ ಸಿಗುವುದು ಸುಲಭ. ಲಾಭ ರೂಮ್ ಬುಕಿಂಗ್‌ನಲ್ಲಿ.