ಎರಡು ಸಲ ಗೇರ್‌ಬಾಕ್ಸ್ ಇಳಿಸಿದ ಕಥೆ: ಹೊಸ ಕ್ಲಚ್ ಸೆಟ್‌ನಲ್ಲಿ 42,000 ಕಿ.ಮೀ.

ನನ್ನದು 2015ರ ಸಣ್ಣ ಪೆಟ್ರೋಲ್ ಕಾರು. ಮೀಟರ್‌ನಲ್ಲಿ ಈಗ 1,16,000 ಕಿ.ಮೀ. ಇದೆ. ವಾರದಲ್ಲಿ ಐದು ದಿನ ಬೆಂಗಳೂರಿನ ಹೊರವರ್ತುಲ ರಸ್ತೆ. ಎರಡು ತಿಂಗಳಿಗೊಮ್ಮೆ ಊರು, ಅಂದರೆ ಆಗುಂಬೆ ಘಾಟಿ ಇಳಿದು ಹೆಬ್ರಿ ಕಡೆಗೆ. ಒಂದು ಕಡೆ ಸಿಲ್ಕ್ ಬೋರ್ಡ್‌ನ ಜಾಮ್, ಇನ್ನೊಂದು ಕಡೆ 14 ಹೇರ್‌ಪಿನ್ ತಿರುವು. ಕ್ಲಚ್‌ಗೆ ಎರಡೂ ಕಷ್ಟದ ರಸ್ತೆಗಳೇ.

ಮೊದಲ ಕ್ಲಚ್ 62,000 ಕಿ.ಮೀ. ಬಂತು. ಅದು ಒಂದೇ ದಿನ ಕೈಕೊಡಲಿಲ್ಲ, ತಿಂಗಳುಗಟ್ಟಲೆ ಹೇಳ್ತಾನೇ ಇತ್ತು. ಪೆಡಲ್ ಸ್ವಲ್ಪ ಸ್ವಲ್ಪವೇ ಗಟ್ಟಿಯಾಯಿತು. ಮೊದಲು ಪೆಡಲ್ ಅರ್ಧ ಬಿಟ್ಟರೆ ಹೊರಡುತ್ತಿದ್ದ ಗಾಡಿ, ಈಗ ಪೂರ್ತಿ ಮೇಲೆ ಬರುವ ತನಕ ಹಿಡಿಯುತ್ತಿರಲಿಲ್ಲ. ದಿನಾ ಓಡಿಸೋರಿಗೆ ಇದು ಗೊತ್ತಾಗುವುದೇ ಇಲ್ಲ, ಕಾಲು ಅದಕ್ಕೆ ಹೊಂದಿಕೊಂಡುಬಿಡುತ್ತದೆ. ನನ್ನ ತಮ್ಮ ಒಂದು ದಿನ ಓಡಿಸಿ, "ಕ್ಲಚ್ ಯಾಕೋ ತುಂಬಾ ಮೇಲೆ ಹಿಡೀತಿದೆಯಲ್ಲ" ಅಂದ. ನಾನು ತಲೆ ಕೆಡಿಸಿಕೊಳ್ಳಲಿಲ್ಲ.

2020ರ ಫೆಬ್ರವರಿಯಲ್ಲಿ ಊರಿಗೆ ಹೋಗುವಾಗ ಗೊತ್ತಾಯಿತು. ತಿಪಟೂರು ದಾಟಿದ ಮೇಲೆ ಐದನೇ ಗೇರ್‌ನಲ್ಲಿ ಲಾರಿ ಓವರ್‌ಟೇಕ್ ಮಾಡಲು ಆಕ್ಸಿಲರೇಟರ್ ಒತ್ತಿದೆ. ಇಂಜಿನ್ ಸದ್ದು ಜೋರಾಯಿತು, ಆರ್‌ಪಿಎಂ ಮುಳ್ಳು ಮೇಲೆ ಹಾರಿತು, ವೇಗ ಮಾತ್ರ ಅಲ್ಲೇ ನಿಂತಿತು. ಎದುರಿಗೆ ಬಸ್ ಬರುತ್ತಿತ್ತು. ಲಾರಿಯ ಹಿಂದಕ್ಕೆ ಬಂದು ಸೇರಿಕೊಂಡೆ. ಆ ಎರಡು ಕ್ಷಣ ಇವತ್ತಿಗೂ ನೆನಪಿದೆ. ಅದಕ್ಕೇ ಹೇಳ್ತೀನಿ, ಕ್ಲಚ್ ಸ್ಲಿಪ್, ಅಂದರೆ ಹೀಗೆ ಕ್ಲಚ್ ಹಿಡಿಯದೆ ಜಾರುವುದು, ಬರೀ ಮೈಲೇಜ್ ವಿಷಯ ಅಲ್ಲ.

ವಾಪಸ್ ಬರುವಾಗ ಸೋಮೇಶ್ವರದಿಂದ ಆಗುಂಬೆ ಹತ್ತಬೇಕಿತ್ತು. ಒಂದು ತಿರುವಿನಲ್ಲಿ ಮುಂದಿನ ಮಿನಿ ಬಸ್ ನಿಂತಿತು, ನಾನೂ ನಿಂತೆ. ಮತ್ತೆ ಹೊರಡುವಾಗ ಸುಟ್ಟ ವಾಸನೆ. ಬ್ರೇಕ್ ಕಾದಾಗ ಬರುತ್ತದಲ್ವಾ, ಹಾಗೇ, ಆದರೆ ಇನ್ನೂ ಘಾಟು. ಹೇಗೋ ಮೇಲೆ ಬಂದು ಅರ್ಧ ಗಂಟೆ ನಿಲ್ಲಿಸಿ ತಣಿಸಿ, ನಿಧಾನವಾಗಿ ಬೆಂಗಳೂರು ಸೇರಿದೆ.

ಆಮೇಲೆ ಮಾಡಿದ್ದು ನನ್ನ ತಪ್ಪು ಲೆಕ್ಕ. ಕಂಪನಿ ಸರ್ವಿಸ್ ಸೆಂಟರ್‌ನಲ್ಲಿ ಪೂರ್ತಿ ಸೆಟ್‌ಗೆ (ಕ್ಲಚ್ ಪ್ಲೇಟ್, ಅದನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟ್, ಬೇರಿಂಗ್) 13,600 ರೂಪಾಯಿ ಎಸ್ಟಿಮೇಟ್ ಕೊಟ್ಟರು. ಮನೆ ಹತ್ತಿರದ ಗ್ಯಾರೇಜಿನವರು, "ಸೆಟ್ ಹಾಕ್ಸಿ ಸಾರ್, ಇಲ್ಲಾಂದ್ರೆ ಬರೀ ಪ್ಲೇಟ್ ಹಾಕ್ಕೊಡ್ತೀನಿ, ಅದೂ ಆಗತ್ತೆ" ಅಂದರು. ನಾನು ಬರೀ ಪ್ಲೇಟ್ ಸಾಕು ಅಂದೆ. ಪ್ಲೇಟ್ 1,850, ಕೂಲಿ 2,800, ಗೇರ್ ಆಯಿಲ್ 650. ಒಟ್ಟು 5,300. ಎಂಟು ಸಾವಿರ ಉಳಿಯಿತು ಅಂತ ಖುಷಿಯಾಯಿತು.

ಸ್ಲಿಪ್ ನಿಂತಿತು ನಿಜ. ಆದರೆ ಫಸ್ಟ್ ಗೇರ್‌ನಲ್ಲಿ ಹೊರಡುವಾಗ ಗಾಡಿ ಗಡಗಡ ಅದುರುತ್ತಿತ್ತು. ಹೊಸ ಪ್ಲೇಟ್ ಹೋಗಿ ಕೂತಿದ್ದು ಹಳೇ ಪ್ರೆಷರ್ ಪ್ಲೇಟ್‌ನ ಗೀರು ಬಿದ್ದ ಮುಖದ ಮೇಲೆ. ಒಂದೇ ಸಮ ಹಿಡಿಯುವುದು ಹೇಗೆ? ವರ್ಷ ಕಳೆಯುವಷ್ಟರಲ್ಲಿ ಇನ್ನೊಂದು ಸದ್ದು ಶುರುವಾಯಿತು. ಪೆಡಲ್ ಒತ್ತಿದರೆ ಕರ್ರ್ ಅನ್ನುವುದು, ಬಿಟ್ಟರೆ ನಿಲ್ಲುವುದು. ಅದು ರಿಲೀಸ್ ಬೇರಿಂಗ್, ಪೆಡಲ್ ಒತ್ತಿದಾಗ ಪ್ರೆಷರ್ ಪ್ಲೇಟನ್ನು ತಳ್ಳಿ ಕ್ಲಚ್ ಬಿಡಿಸುವ ಭಾಗ. (ಇದಕ್ಕೆ ಉಲ್ಟಾ, ಪೆಡಲ್ ಬಿಟ್ಟಾಗ ಸದ್ದು ಬಂದು ಒತ್ತಿದಾಗ ನಿಂತರೆ ಗೇರ್‌ಬಾಕ್ಸ್ ಒಳಗಿನ ಬೇರಿಂಗ್ ಮೇಲೆ ಅನುಮಾನ ಪಡಬೇಕು. ಗ್ಯಾರೇಜಿಗೆ ಹೋಗುವ ಮೊದಲು ಇಷ್ಟು ನೋಡಿಕೊಂಡು ಹೋದರೆ ಮಾತು ಸುಲಭ.) ಬೇರಿಂಗ್ ಬೆಲೆ ಸಾವಿರದ ಒಳಗೆ. ಆದರೆ ಅದನ್ನು ಮುಟ್ಟಬೇಕು ಅಂದರೆ ಚಕ್ರ ತಿರುಗಿಸುವ ಡ್ರೈವ್ ಶಾಫ್ಟ್ ಬಿಚ್ಚಿ, ಇಡೀ ಗೇರ್‌ಬಾಕ್ಸ್ ಮತ್ತೆ ಇಳಿಸಬೇಕು. ಅದೇ ಕೂಲಿ, ಅದೇ ಆಯಿಲ್, ಅದೇ ಒಂದು ದಿನ ರಜೆ.

2021ರ ಡಿಸೆಂಬರ್‌ನಲ್ಲಿ, 74,000 ಕಿ.ಮೀ.ಗೆ, ಈ ಸಲ ಸೆಟ್ಟೇ ಹಾಕಿಸಿದೆ. ಬೆಂಗಳೂರಿನಲ್ಲಿ ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಗೆ ನಾನೇ ಹೋಗಿ ವ್ಯಾಲಿಯೋ ಕಂಪನಿಯ ಸೆಟ್ ತಂದೆ. ಪ್ಲೇಟ್, ಪ್ರೆಷರ್ ಪ್ಲೇಟ್, ಬೇರಿಂಗ್, ಮೂರೂ ಒಂದೇ ಡಬ್ಬಿಯಲ್ಲಿ, 4,900 ರೂಪಾಯಿ. ಎಕ್ಸೆಡಿ, ಲುಕ್ ಕಂಪನಿಯ ಸೆಟ್‌ಗಳೂ ಅಲ್ಲಿ ಸಿಗುತ್ತವೆ. ಯಾವುದೇ ತಗೊಳ್ಳಿ, ಗಾಡಿಯ ಮಾಡೆಲ್, ವರ್ಷ, ಇಂಜಿನ್ ಹೇಳಿ ಪಾರ್ಟ್ ನಂಬರ್ ಹೊಂದಿಸಿ ನೋಡಿ, ಬಿಲ್ ಕೇಳಿ ತಗೊಳ್ಳಿ. ಡುಪ್ಲಿಕೇಟ್ ಡಬ್ಬಿಗಳೂ ಓಡಾಡುತ್ತವೆ. ಕೂಲಿ 3,200 ಆಯಿತು. ಗೇರ್ ಆಯಿಲ್ 750, ಎರಡು ಆಯಿಲ್ ಸೀಲ್ 360, ಫ್ಲೈವೀಲ್ (ಇಂಜಿನ್ ಕಡೆಯ ಭಾರದ ಚಕ್ರ, ಪ್ಲೇಟ್ ಹಿಡಿಯುವುದು ಇದರ ಮೇಲೆ) ಮುಖ ಲೇತ್‌ನಲ್ಲಿ ಸಮ ಮಾಡಿಸಿದ್ದಕ್ಕೆ 700. ಒಟ್ಟು 9,910.

ಹಿಂದಿನ 5,300 ಸೇರಿಸಿದರೆ 15,210. ಕಂಪನಿ ಸರ್ವಿಸ್ ಸೆಂಟರ್ ಹೇಳಿದ್ದಕ್ಕಿಂತ ಜಾಸ್ತಿ!

ಈ ಸಲ ಗ್ಯಾರೇಜಿನಲ್ಲೇ ನಿಂತಿದ್ದೆ. ಬೆಳಿಗ್ಗೆ ಹತ್ತಕ್ಕೆ ಶುರು ಮಾಡಿ ಸಂಜೆ ನಾಲ್ಕಕ್ಕೆ ಮುಗಿಸಿದರು. ಗೇರ್‌ಬಾಕ್ಸ್ ಇಳಿಸಿದಾಗ ಒಳಗಿಂದ ಕಪ್ಪು ಪುಡಿ ಉದುರಿತು, ರಾಗಿ ಹಿಟ್ಟಿನಷ್ಟು ನುಣ್ಣಗೆ. ಅದು ಸವೆದ ಪ್ಲೇಟ್‌ನ ಪುಡಿ. ಹಳೇ ಪ್ರೆಷರ್ ಪ್ಲೇಟನ್ನು ಬೆಳಕಿಗೆ ಹಿಡಿದು ತೋರಿಸಿದರು. ಲೋಹದ ಮುಖದ ಮೇಲೆ ಅಲ್ಲಲ್ಲಿ ನೀಲಿ ಕಲೆ, ಕಾವಿಗೆ ಬಣ್ಣ ತಿರುಗಿದ್ದು. ಬೆರಳು ಆಡಿಸಿದರೆ ಗೀರುಗಳು ತಗಲುತ್ತಿದ್ದವು. ಹೊಸ ಪ್ಲೇಟ್‌ನಲ್ಲಿ ರಿವೆಟ್ (ಜೋಡಿಸುವ ಮೊಳೆ) ತಲೆಗಳು ಒಳಗೆ ಇಳಿದಿರುತ್ತವೆ, ಅಲ್ಲಿ ಉಗುರು ಇಟ್ಟರೆ ಗುಳಿಯೊಳಗೆ ಇಳಿಯುತ್ತದೆ. ಪ್ಲೇಟ್ ಸವೆದಂತೆ ಆ ಗುಳಿಯ ಆಳ ಕಡಿಮೆಯಾಗುತ್ತಾ ಬರುತ್ತದೆ. ಪೂರ್ತಿ ಸವೆದರೆ ರಿವೆಟ್ಟೇ ಲೋಹಕ್ಕೆ ಉಜ್ಜಿ ಗೀರು ಹಾಕುತ್ತದೆ. ನನ್ನ ಮೊದಲ ಪ್ಲೇಟ್ ಮಾಡಿದ್ದು ಅದನ್ನೇ. ಸ್ಲಿಪ್ ಆಗುತ್ತಿದ್ದರೂ ಓಡಿಸಿದ ಆ ಕೊನೆಯ ಕೆಲವು ನೂರು ಕಿಲೋಮೀಟರ್ ಪ್ರೆಷರ್ ಪ್ಲೇಟ್, ಫ್ಲೈವೀಲ್ ಎರಡನ್ನೂ ಕೆಡಿಸಿತ್ತು.

ಈ ಸೆಟ್ ಹಾಕಿಸಿ ಈಗ ನಾಲ್ಕು ವರ್ಷ ತುಂಬಿದೆ. 42,000 ಕಿ.ಮೀ. ಓಡಿದ ಮೇಲೆ ಹೇಳುವುದಾದರೆ ನನಗೆ ಪೂರ್ತಿ ತೃಪ್ತಿ ಇದೆ. ಮೊದಲ ದಿನದಿಂದಲೇ ಅದುರುವುದು ನಿಂತಿತು. ಪೆಡಲ್ ಹಗುರ, ಜಾಮ್‌ನಲ್ಲಿ ಎಡ ಮೊಣಕಾಲು ನೋಯುವುದು ನಿಂತಿದೆ. ಆಗುಂಬೆ ಹತ್ತುವಾಗ ಒಮ್ಮೆಯೂ ವಾಸನೆ ಬಂದಿಲ್ಲ. ಮೊದಲ ಐನೂರು ಕಿ.ಮೀ. ಮಾತ್ರ ಮೆತ್ತಗೆ ಓಡಿಸಿದೆ, ಹೊಸ ಪ್ಲೇಟ್ ಮುಖ ಹೊಂದಿಕೊಳ್ಳಲಿ ಅಂತ. ಕೇಬಲ್ ಒಂದು ಸಲ ಅಡ್ಜಸ್ಟ್ ಮಾಡಿಸಿದ್ದು ಬಿಟ್ಟರೆ ಬೇರೆ ಖರ್ಚು ಇಲ್ಲ.

ಕೇಬಲ್ ಮಾತು ಬಂದಿದ್ದಕ್ಕೆ ಹೇಳಬೇಕು. ಪೆಡಲ್‌ನಿಂದ ಕ್ಲಚ್‌ಗೆ ಕೇಬಲ್ ಇರುವ ಗಾಡಿಯಲ್ಲಿ ಪೆಡಲ್ ಒತ್ತಿದಾಗ ಶುರುವಿನಲ್ಲಿ ಸ್ವಲ್ಪ ಸಡಿಲ ಇರಬೇಕು. ಪ್ಲೇಟ್ ಸವೆದಂತೆ ಆ ಸಡಿಲ ಕಡಿಮೆಯಾಗುತ್ತದೆ. ಪೂರ್ತಿ ಹೋದರೆ ಪೆಡಲ್ ಮುಟ್ಟದೇ ಇದ್ದರೂ ಕ್ಲಚ್ ಅರ್ಧ ಒತ್ತಿದ ಹಾಗೆ ಆಗಿ, ಪ್ಲೇಟ್ ಚೆನ್ನಾಗಿದ್ದರೂ ಸ್ಲಿಪ್ ಆಗಬಹುದು. ಹತ್ತು ನಿಮಿಷದ ಕೆಲಸ ಇದು. ಯಾರಾದರೂ "ಕ್ಲಚ್ ಹೋಗಿದೆ, ಇಳಿಸಬೇಕು" ಅಂದರೆ ಮೊದಲು ಇದನ್ನು ನೋಡಿ ಅಂತ ಕೇಳಿ. ಆಮೇಲೆ ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರ್ ಹಾಕಿ 40ರ ಆಸುಪಾಸಿನ ವೇಗದಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ ನೋಡಿ. ಆರ್‌ಪಿಎಂ ಮತ್ತು ವೇಗ ಜೊತೆಜೊತೆಗೆ ಏರಿದರೆ ಇನ್ನೂ ಕಾಲ ಇದೆ. ಆರ್‌ಪಿಎಂ ಒಂದೇ ಹಾರಿದರೆ ದುಡ್ಡು ಹೊಂದಿಸಿಕೊಳ್ಳಲು ಶುರು ಮಾಡಿ.

ಇನ್ಶೂರೆನ್ಸ್‌ನಲ್ಲಿ ಸವೆತಕ್ಕೆ ದುಡ್ಡು ಸಿಗುವುದಿಲ್ಲ. ವಾರಂಟಿಯಲ್ಲೂ ಕ್ಲಚ್ ಪ್ಲೇಟನ್ನು ಸಾಮಾನ್ಯವಾಗಿ ಸವೆಯುವ ಭಾಗ ಅಂತಲೇ ಹಿಡಿಯುತ್ತಾರೆ. ಒಂದು ಸಮಾಧಾನ ಏನೆಂದರೆ, 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟ್‌ಗೆ ಇಳಿದಿದೆ. ನಾನು ಕಟ್ಟಿದ್ದು ಹಳೇ ದರ. ಡ್ಯೂಯಲ್ ಮಾಸ್ ಫ್ಲೈವೀಲ್ (ಎರಡು ಭಾಗ ಸೇರಿಸಿ ಮಾಡಿದ ಫ್ಲೈವೀಲ್) ಇರುವ ಡೀಸೆಲ್ ಗಾಡಿಯವರು ನನ್ನ ಲೆಕ್ಕ ಹಿಡಿಯಬೇಡಿ. ಆ ಫ್ಲೈವೀಲ್ ಕೂಡ ಹೋಗಿದ್ದರೆ ಬಿಲ್ ಹಲವು ಪಟ್ಟು ಆಗುತ್ತದೆ. ಬಿಚ್ಚುವ ಮೊದಲೇ ಅದರ ಬೆಲೆ ಕೇಳಿಟ್ಟುಕೊಳ್ಳಿ.

ಓಡಿಸುವ ರೀತಿಯಲ್ಲಿ ನಾನು ಬದಲಿಸಿದ್ದು ಎರಡೇ. ಸಿಗ್ನಲ್‌ನಲ್ಲಿ ನ್ಯೂಟ್ರಲ್ ಮಾಡಿ ಕಾಲು ಪೆಡಲ್‌ನಿಂದ ಪೂರ್ತಿ ತೆಗೆದು ಪಕ್ಕಕ್ಕೆ ಇಡುತ್ತೇನೆ. ಏರಿನಲ್ಲಿ ಹಾಫ್ ಕ್ಲಚ್ ಹಿಡಿದು ನಿಲ್ಲುವುದಿಲ್ಲ, ಹ್ಯಾಂಡ್‌ಬ್ರೇಕ್ ಎಳೆಯುತ್ತೇನೆ. ಮಾರತ್ತಹಳ್ಳಿ ಸೇತುವೆ ಏರಿನಲ್ಲಿ ಹಿಂದಿನವರು ಹಾರ್ನ್ ಹೊಡೆದರೂ ಪರವಾಗಿಲ್ಲ.

ಕಳೆದ ತಿಂಗಳು ತಮ್ಮ ಮತ್ತೆ ಓಡಿಸಿದ. ಸೋಮೇಶ್ವರದಿಂದ ಮೇಲೆ ಬರುವಾಗ ಅವನ ಎಡಗಾಲನ್ನೇ ನೋಡುತ್ತಾ ಕೂತಿದ್ದೆ. ಆಗುಂಬೆಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಕ್ಲಚ್ ಹೇಗಿದೆ ಅಂತ ಕೇಳಿದೆ. "ಮಧ್ಯದಲ್ಲೇ ಹಿಡೀತಿದೆ" ಅಂದ.