ಶಿರಸಿ ಮಳೆಯಲ್ಲಿ ಬಟ್ಟೆ ಡೈಪರ್: ನಾಲ್ಕು ವರ್ಷ ಬಳಸಿದ ಮೇಲೆ

2021ರ ಜುಲೈನಲ್ಲಿ ತರಿಸಿದ 14 ಬಟ್ಟೆ ಡೈಪರುಗಳಲ್ಲಿ 9 ಇವತ್ತಿಗೂ ಬಳಕೆಯಲ್ಲಿವೆ. ಮಗಳದು ಮುಗಿದು ಈಗ ಮಗನ ಸರದಿ. ಹೋದ ಐದರಲ್ಲಿ ಮೂರನ್ನು ಹಾಳುಮಾಡಿದ್ದು ನಾನೇ. ಆ ಕಥೆ ಆಮೇಲೆ. ನಮ್ಮ ಮನೆ ಶಿರಸಿ ಹತ್ತಿರದ ಹಳ್ಳಿಯಲ್ಲಿ. ಬಿಸಿಲಿರುವ ತಾರಸಿಯಲ್ಲಿ ಡೈಪರ್ ಒಣಗಿಸಿದವರು ಬರೆದ ಹೊಗಳಿಕೆ ಓದಿ ಕೊಂಡವನು ನಾನು. ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿ ಬನಿಯನ್ ಒಣಗಲಿಕ್ಕೇ ಮೂರು ದಿನ ಬೇಕು. ಹಾಗಾಗಿ ಇದು ಮಳೆಯೂರಿನವರಿಗಾಗಿ ಬರೆದದ್ದು ಅಂದುಕೊಳ್ಳಿ.

ಪರಿಸರ ಕಾಳಜಿಯಿಂದ ಕೊಂಡೆ ಎಂದರೆ ಸುಳ್ಳಾಗುತ್ತದೆ. ನಮ್ಮಲ್ಲಿಗೆ ಕಸದ ಗಾಡಿ ಬರುವುದಿಲ್ಲ. ಮೊದಲ ಮೂರು ತಿಂಗಳು ಅಂಗಡಿ ಡೈಪರುಗಳನ್ನು ತೋಟದ ಮೂಲೆಯ ಗುಂಡಿಗೆ ಹಾಕುತ್ತಿದ್ದೆವು. ಸುಡೋಣವೆಂದರೆ ಉಚ್ಚೆ ಕುಡಿದು ಉಬ್ಬಿದ ಜೆಲ್ಲು ಬೆಂಕಿ ಹಿಡಿಯುವುದಿಲ್ಲ, ಹೊರಗಿನ ಪ್ಲಾಸ್ಟಿಕ್ ಮಾತ್ರ ಕರಗಿ ನಾರುತ್ತದೆ. ಒಂದು ಸಂಜೆ ನಾಯಿ ನಾಲ್ಕನ್ನು ಅಂಗಳಕ್ಕೆ ಎಳೆದು ತಂದು ಹರಿದು ಹಾಕಿತು. ರಾತ್ರಿಯಿಡೀ ಮಳೆ. ಬೆಳಗ್ಗೆ ನೋಡಿದರೆ ಅಂಗಳದ ತುಂಬ ಸಾಬೂದಾನಿ ಗಂಜಿ ಚೆಲ್ಲಿದ ಹಾಗೆ! ಹಿಡಿಕಡ್ಡಿಗೆ ಬರಲೊಲ್ಲದು, ನೀರು ಬಿಟ್ಟರೆ ಇನ್ನಷ್ಟು ಉಬ್ಬುತ್ತದೆ. ಕೊನೆಗೆ ಸಲಿಕೆಯಲ್ಲಿ ಕೆರೆದು ತೆಗೆದೆ. ಬಳಸಿದ ಡೈಪರನ್ನು ಭದ್ರವಾಗಿ ಸುತ್ತಿ ಒಣಕಸದ ಡಬ್ಬಕ್ಕೆ ಹಾಕಬೇಕು ಎನ್ನುತ್ತಿತ್ತು ಆಗಿದ್ದ 2016ರ ಘನತ್ಯಾಜ್ಯ ನಿಯಮ. ಬೆಂಗಳೂರಿನ ಅಕ್ಕನ ಮನೆಯಲ್ಲಿ ಪೇಪರಿನಲ್ಲಿ ಸುತ್ತಿ ಕೆಂಪು ಗುರುತು ಹಾಕಿ ಗಾಡಿಗೆ ಕೊಡುತ್ತಾರೆ. ನಾವು ಸುತ್ತಿ ಯಾರ ಕೈಗೆ ಕೊಡೋಣ?

ಅವತ್ತೇ ಮಧ್ಯಾಹ್ನ ಆರ್ಡರ್ ಮಾಡಿದೆ. ಹೆಂಡತಿಯದು ಒಂದೇ ಷರತ್ತು: "ತೊಳೆಯೋದು ನೀವಾದ್ರೆ ತರಿಸಿ." ನಾಲ್ಕು ವರ್ಷದಿಂದ ತೊಳೆಯುತ್ತಿರುವುದು ನಾನೇ. ಆದ್ದರಿಂದಲೇ ಈ ವಿಮರ್ಶೆಯೂ ನನ್ನ ಹೆಸರಿನಲ್ಲಿ.

ನಮ್ಮದು ಪಾಕೆಟ್ ಮಾದರಿ. ಹೊರಗೆ ನೀರು ದಾಟದ ಪಿಯುಎಲ್, ಅಂದರೆ ಪ್ಲಾಸ್ಟಿಕ್ಕಿನ ತೆಳು ಪದರ ಅಂಟಿಸಿದ ಬಟ್ಟೆ, ಒಳಗೆ ಮೆತ್ತನೆಯ ಅಸ್ತರು, ಇವೆರಡರ ನಡುವಿನ ಚೀಲಕ್ಕೆ ತುರುಕುವ ಒಂದು ಪ್ಯಾಡು. ಮುಂದೆ ಮೂರು ಸಾಲು ಪ್ಲಾಸ್ಟಿಕ್ ಗುಂಡಿ. ಮಗು ಬೆಳೆದಂತೆ ಸಾಲು ಬಿಚ್ಚುತ್ತ ಹೋದರೆ ಉದ್ದವಾಗುತ್ತದೆ. ಒಂದಕ್ಕೆ 420 ರೂಪಾಯಿ ಬಿತ್ತು. ಪೊಟ್ಟಣ ಬಿಚ್ಚಿದಾಗ ಆಯಿ ಒಂದನ್ನು ಕೈಯಲ್ಲಿ ಹಿಡಿದು, "ಲಂಗೋಟಿಗೆ ಇಷ್ಟ್ ದುಡ್ಡಾ ತಮಾ?" ಅಂದಳು.

ಮೊದಲ ವಾರ ಅವಳ ಮಾತೇ ಸರಿ ಅನ್ನಿಸಿತು. ಗಂಟೆಗೊಮ್ಮೆ ಸೋರುತ್ತಿತ್ತು. ತಪ್ಪು ಹೊರಕವಚದ್ದಲ್ಲ, ಪ್ಯಾಡಿನದು. ಜೊತೆಗೆ ಬಂದದ್ದು ಮೈಕ್ರೋಫೈಬರ್, ಅಂದರೆ ಸಣ್ಣ ಕೃತಕ ಎಳೆಗಳ ಬಟ್ಟೆ. ಅದು ಬೇಗ ಹೀರುತ್ತದೆ ನಿಜ, ಆದರೆ ಸ್ಪಂಜಿನ ಬುದ್ಧಿ. ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಒತ್ತಿದರೆ ಹೀರಿದ್ದನ್ನೆಲ್ಲ ನಿಮ್ಮ ಅಂಗಿಗೆ ಬಿಡುತ್ತದೆ. ಇದನ್ನು ಮಗುವಿನ ಮೈಗೆ ನೇರವಾಗಿ ತಾಗಿಸಲೂಬಾರದು, ಚರ್ಮದ ತೇವವನ್ನೂ ಎಳೆದುಕೊಂಡು ಒಣಗಿಸಿಬಿಡುತ್ತದೆ. ಮಾರುವವರಿಗೆ ಫೋನ್ ಮಾಡಿದರೆ, ದುಬಾರಿ ಬಿದಿರಿನ ಪ್ಯಾಡು ತಗೊಳ್ಳಿ ಸರ್ ಎಂದರು. ಎರಡು ತಗೊಂಡೆ. ಅದೇನೋ ಚೆನ್ನಾಗಿ ಹಿಡಿದಿಡುತ್ತದೆ, ಆದರೆ ಮಳೆಗಾಲದಲ್ಲಿ ಒಣಗಲಿಕ್ಕೆ ವಾರವೇ ಬೇಕೇನೋ!

ಬಗೆಹರಿದದ್ದು ಅಪ್ಪಯ್ಯನ ಹಳೆ ಪಂಚೆಯಿಂದ. ನೂರಾರು ಒಗೆತ ಕಂಡ ಹತ್ತಿ. ಆಯಿ ಅದನ್ನು ಮೊಳದುದ್ದದ ಚೌಕಗಳಾಗಿ ಹರಿದು, ಅಂಚು ಹೊಲಿದು ಕೊಟ್ಟಳು. ಎರಡನ್ನು ಮಡಚಿ ಚೀಲಕ್ಕೆ ತುರುಕಿದರೆ ಎರಡೂವರೆ ಗಂಟೆ ಸೋರುವುದಿಲ್ಲ. ತೊಳೆದ ಮೇಲೆ ಮಡಿಕೆ ಬಿಚ್ಚಿ ಹರವಿದರೆ ಒಂದೇ ಪದರ, ಬಚ್ಚಲೊಲೆಯ ಮೇಲೆ ಒಂದೇ ರಾತ್ರಿಗೆ ಒಣಗುತ್ತದೆ. ಹೊಲಿದ ದಪ್ಪ ಪ್ಯಾಡಿಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ. ಆದರೆ ನಮ್ಮೂರಲ್ಲಿ ಎಲ್ಲ ನಿಂತಿರುವುದು ಇದರ ಮೇಲೆಯೇ. ಹೊಸ ಹತ್ತಿ ಪ್ಯಾಡೇ ಬೇಕೆನ್ನುವವರು ಬಳಸುವ ಮೊದಲು ನಾಲ್ಕೈದು ಸಲ ಒಗೆಯಿರಿ. ಹೊಸದರಲ್ಲಿ ನೀರು ಅದರ ಮೇಲೆ ಕೆಸುವಿನೆಲೆಯ ಮೇಲಿನ ಹನಿಯಂತೆ ಜಾರುತ್ತದೆ.

ಇನ್ನು ನಾನು ಕೊಂದ ಮೂರು. 2022ರ ಆಗಸ್ಟ್, ಹತ್ತು ದಿನ ಬಿಡದ ಮಳೆ. ಬಾಣಂತನದಲ್ಲಿ ಮಗುವಿನ ಬಟ್ಟೆಯನ್ನೆಲ್ಲ ಬಚ್ಚಲೊಲೆಯ ಮೇಲಿನ ಹಗ್ಗದಲ್ಲಿ ಒಣಗಿಸಿದ್ದು ನೆನಪಾಗಿ, ಇವನ್ನೂ ಅಲ್ಲೇ ನೇತುಹಾಕಿದೆ. ಹಂಡೆಗೆ ಅಡಿಕೆ ಸಿಪ್ಪೆಯ ಬೆಂಕಿ ಜೋರಾಗಿತ್ತು. ಬೆಳಗ್ಗೆ ತೆಗೆದರೆ ಹೊರಕವಚ ಹಪ್ಪಳ ಸುಟ್ಟಂತೆ ಗುಳ್ಳೆ ಎದ್ದಿದೆ, ತೊಡೆಯ ಎಲಾಸ್ಟಿಕ್ ಎಳೆದರೆ ಚರ್ ಎನ್ನುತ್ತದೆ, ಹಿಂದಕ್ಕೆ ಬರುವುದಿಲ್ಲ. ಹತ್ತಿ ತುಂಡುಗಳಿಗೆ ಏನೂ ಆಗಿರಲಿಲ್ಲ, ಹೊಗೆ ವಾಸನೆ ಹತ್ತಿತ್ತು ಅಷ್ಟೆ. ಅಲ್ಲಿಂದ ನಮ್ಮ ಕ್ರಮ ಇದು: ಹತ್ತಿ ಬಚ್ಚಲೊಲೆ ಮೇಲೆ, ಕವಚ ಜಗಲಿಯ ಗಾಳಿಗೆ. ಕವಚಕ್ಕೆ ನೀರು ಹಿಡಿಯುವುದಿಲ್ಲವಾದ್ದರಿಂದ ಕೊಡವಿ ಹಾಕಿದರೆ ಮಳೆಯಲ್ಲೂ ಒಣಗುತ್ತದೆ.

ತೊಳೆಯುವುದನ್ನು ದೊಡ್ಡ ಶಾಸ್ತ್ರ ಮಾಡುತ್ತಾರೆ. ಅಂಥದ್ದೇನಿಲ್ಲ. ಉಚ್ಚೆಯದನ್ನು ತಣ್ಣೀರಲ್ಲಿ ಜಾಲಾಡಿ ನೀರಿಲ್ಲದ ಬಕೆಟ್ಟಿನಲ್ಲಿ ಇಟ್ಟು, ದಿನಕ್ಕೊಮ್ಮೆ ಮಷಿನ್ನಿಗೆ ಹಾಕುತ್ತೇನೆ. ರಾತ್ರಿಯಿಡೀ ನೆನೆಹಾಕಿದರೆ ಎಲಾಸ್ಟಿಕ್ ಸಾಯುತ್ತದೆ. ಮಗು ಬರೀ ಎದೆಹಾಲಿನಲ್ಲಿದ್ದಾಗ ಕಕ್ಕ ನೀರಿನಲ್ಲೇ ಕರಗಿ ಹೋಗುತ್ತಿತ್ತು. ರಾಗಿ ಸರಿ ಶುರುವಾದ ಮೇಲೆ ಬಂದದ್ದು ಬೇರೆಯೇ ಅಧ್ಯಾಯ, ವಿವರಿಸುವುದಿಲ್ಲ. ಪಾಯಿಖಾನೆಗೆ ಜೆಟ್ ಸ್ಪ್ರೇ ಹಾಕಿಸಿದೆ ಅಂದರೆ ಸಾಕು. ಕಂಫರ್ಟ್ ಥರದ ಪರಿಮಳದ ದ್ರವ ಹಾಕಲೇಬೇಡಿ. ಎಳೆಗಳ ಮೇಲೆ ಜಿಡ್ಡಿನ ಲೇಪ ಕೂತು ಬಟ್ಟೆ ನೀರು ಕುಡಿಯುವುದನ್ನೇ ಬಿಡುತ್ತದೆ. ಡೈಪರ್ ಕ್ರೀಮಿನದೂ ಇದೇ ಕಥೆ. ಅರಿಶಿನ ಬಣ್ಣದ ಕಲೆಗೆ ಮಾತ್ರ ಬಿಸಿಲೇ ಮದ್ದು, ಅಂದರೆ ನಮಗೆ ಅಕ್ಟೋಬರ್ ತನಕ ಕಾಯಬೇಕು.

ಮಗಳ ತೊಡೆ ಸಣಕಲು, ಎಲ್ಲಿ ಸಂದಿ ಬಿಟ್ಟರೂ ಅಲ್ಲಿಂದ ಸೋರುತ್ತಿತ್ತು. ಮಗನಿಗೆ ಆ ತೊಂದರೆ ಇಲ್ಲ, ಅವನದು ಎಲ್ಲ ಮುಂದಕ್ಕೆ. ಬಟ್ಟೆಯನ್ನು ಮುಂಭಾಗದಲ್ಲಿ ಇನ್ನೊಂದು ಮಡಿಕೆ ಹಾಕಿದರೆ ಸರಿಯಾಗುತ್ತದೆ. ಚಡ್ಡಿ ಒಂದು ಸೈಜು ದೊಡ್ಡದೇ ಬೇಕು, ಕುಂಡೆ ಕುಂಬಳಕಾಯಿಯಷ್ಟಾಗುತ್ತದೆ.

ರಾತ್ರಿಗೆ? ಅಂಗಡಿಯದೇ. ಆರು ತಿಂಗಳು ಪ್ರಯತ್ನಿಸಿ ಸೋತೆ. ನಡುರಾತ್ರಿ ಎರಡಕ್ಕೆ ಹಾಸಿಗೆ ಬದಲಿಸುವುದಕ್ಕಿಂತ ಒಂದು ಡೈಪರ್ ಗುಂಡಿಗೆ ಹೋಗಲಿ ಎಂದು ನಾವಿಬ್ಬರೂ ಒಪ್ಪಿಕೊಂಡಿದ್ದೇವೆ. ಮದುವೆ, ಮುಂಜಿಗೆ ಹೋಗುವಾಗಲೂ ಅದೇ. ಒದ್ದೆ ಡೈಪರ್ ಚೀಲ ಹಿಡಿದುಕೊಂಡು ಪಂಕ್ತಿಯಲ್ಲಿ ಕೂರಲಿಕ್ಕಾಗುವುದಿಲ್ಲ.

ದುಡ್ಡಿನ ಲೆಕ್ಕ ಕೇಳುವವರಿಗೆ: ಅಂಗಡಿ ಡೈಪರ್ ಹಗಲಿಗೆ ನಾಲ್ಕರಂತೆ, ಒಂದಕ್ಕೆ 11 ರೂಪಾಯಿ ಹಿಡಿದರೆ ದಿನಕ್ಕೆ 44. ಮಗಳು 20 ತಿಂಗಳು ಬಳಸಿದಳು, ಅಂದರೆ ಸುಮಾರು 26,400 ಉಳಿಯಿತು. ಬಟ್ಟೆ ಡೈಪರಿಗೆ 5,880, ಬಿದಿರಿನ ಪ್ಯಾಡಿನ ದಂಡ 600. ಸೋಪು, ಕರೆಂಟು ಕಳೆಯಿರಿ. ನನ್ನ ಕೂಲಿ ಹಿಡಿದರೆ ಲೆಕ್ಕ ತಲೆಕೆಳಗಾಗಬಹುದು, ಅದನ್ನು ಯಾರೂ ಕೇಳಿಲ್ಲ.

ಕೊಳ್ಳುವುದಾದರೆ ಮೊದಲು ಎರಡೇ ತರಿಸಿ ನೋಡಿ. ವೆಲ್ಕ್ರೋ ಬೇಡ, ನೂಲು ಕಚ್ಚಿಕೊಂಡು ಆರು ತಿಂಗಳಿಗೆ ಹಿಡಿತ ಬಿಡುತ್ತದೆ. ಗುಂಡಿಯದೇ ಇರಲಿ. ಪ್ಯಾಡಿಲ್ಲದೆ ಬರೀ ಕವಚ ಸಿಕ್ಕರೆ ಅದೇ ಅಗ್ಗ. ಮಗನಿಗೆ ಶುರುಮಾಡುವ ಮೊದಲು ಉಳಿದ ಒಂಬತ್ತರ ಎಲಾಸ್ಟಿಕ್ಕೂ ಸಡಿಲಾಗಿತ್ತು. ಪೇಟೆಯ ದರ್ಜಿಗೆ ಕೊಟ್ಟೆ, ಒಂದಕ್ಕೆ 30 ರೂಪಾಯಿಗೆ ಹೊಸದು ಹಾಕಿಕೊಟ್ಟ. ಆಯಿ ಹೊಲಿದ ಚೌಕಗಳಲ್ಲಿ ಒಂದೂ ಹರಿದಿಲ್ಲ.