ಹಳೆಯ ಪಿಸ್ತೂಲು ಮ್ಯಾಗಜಿನ್‌ಗೆ ಹೊಸ ಸ್ಪ್ರಿಂಗ್ ಬೇಕೆ? ವುಲ್ಫ್ ಸ್ಪ್ರಿಂಗ್ ಬಳಸಿದ ಅನುಭವ

ಟೆಕ್ಸಾಸಿನಲ್ಲಿ ನೆಲೆಸಿರುವ ನನ್ನ ಬಳಿ 1911 ಮಾದರಿಯ ಪಿಸ್ತೂಲೊಂದಿದೆ. ತುಂಬಿಟ್ಟ ಮ್ಯಾಗಜಿನ್‌ನಲ್ಲಿ (ಪಿಸ್ತೂಲಿನ ಗುಂಡುಗಳ ಡಬ್ಬಿಯಲ್ಲಿ) ಗುಂಡುಗಳನ್ನು ಮೇಲಕ್ಕೆ ತಳ್ಳುವ ಸ್ಪ್ರಿಂಗ್ ತಾನಾಗಿಯೇ ಸೋತುಹೋಗುತ್ತದೆ ಎಂಬ ಮಾತನ್ನು ಶೂಟಿಂಗ್ ರೇಂಜಿನಲ್ಲಿ ಪದೇ ಪದೇ ಕೇಳಿ, ಏಳು ಗುಂಡುಗಳ ನನ್ನ ಮೂರು ಹಳೆಯ ಮ್ಯಾಗಜಿನ್‌ಗಳಿಗೆ ಪೆನ್ಸಿಲ್ವೇನಿಯಾದ ವುಲ್ಫ್ ಕಂಪನಿಯ ಸ್ಪ್ರಿಂಗ್‌ಗಳನ್ನು ತರಿಸಿದೆ. ನಿಜವಾಗಿ ಬದಲಿಸಬೇಕಾಗಿದ್ದುದು ಒಂದನ್ನು ಮಾತ್ರ.

ಸ್ಪ್ರಿಂಗಿನ ಉಕ್ಕಿನ ತಂತಿಯನ್ನು ಅದರ ಸ್ಥಿತಿಸ್ಥಾಪಕ ಮಿತಿಯೊಳಗೆ, ಅಂದರೆ ಬಿಟ್ಟಾಗ ಮೊದಲಿನ ಆಕಾರಕ್ಕೆ ಮರಳುವಷ್ಟು ಮಾತ್ರ, ಒತ್ತಿಟ್ಟರೆ, ವರ್ಷಗಟ್ಟಲೆ ಹಾಗೆಯೇ ಇದ್ದರೂ ಅದು ಕಳೆದುಕೊಳ್ಳುವ ಬಲ ಅತ್ಯಲ್ಪ. ಅದನ್ನು ದಣಿಸುವುದು ಮತ್ತೆ ಮತ್ತೆ ಒತ್ತಿ ಬಿಡುವ ಕ್ರಿಯೆ ಮತ್ತು ಮಿತಿಯ ಅಂಚಿಗೆ ತಲುಪುವ ಒತ್ತಡ. ಜಾನ್ ಬ್ರೌನಿಂಗ್ ರೂಪಿಸಿದ ಈ ಪಿಸ್ತೂಲಿನ ಏಳು ಗುಂಡುಗಳ ಮ್ಯಾಗಜಿನ್‌ನಲ್ಲಿ ಸ್ಪ್ರಿಂಗಿಗೆ ಧಾರಾಳವಾದ ಜಾಗವಿರುವುದರಿಂದ ತಂತಿಯ ಮೇಲಿನ ಒತ್ತಡ ಕಡಿಮೆ. ಅದೇ ಉದ್ದದ ಮ್ಯಾಗಜಿನ್ ಕೊಳವೆಯಲ್ಲಿ ಎಂಟನೆಯ ಗುಂಡನ್ನು ತುರುಕಿದಾಗ, ಅಥವಾ ಚಿಕ್ಕ ಪಿಸ್ತೂಲಿನಲ್ಲಿ ಎರಡು ಸಾಲು ಗುಂಡುಗಳನ್ನು ತುಂಬಿದಾಗ, ಪರಿಸ್ಥಿತಿ ಬೇರೆಯಾಗುತ್ತದೆ. ಸ್ಪ್ರಿಂಗ್ ಮಾರುವ ವುಲ್ಫ್ ಕಂಪನಿಯೇ ಗ್ರಾಹಕರಿಗೆ ಈ ವ್ಯತ್ಯಾಸವನ್ನು ವಿವರಿಸಿ, ಹಳೆಯ ಏಳು ಗುಂಡುಗಳ ವಿನ್ಯಾಸ ತುಂಬಿದ ಸ್ಥಿತಿಯಲ್ಲೂ ವರ್ಷಗಳ ಕಾಲ ಬಾಳುತ್ತದೆ ಎಂದು ಹೇಳುವುದು ನನಗೆ ಬಹಳ ಮೆಚ್ಚುಗೆಯಾಯಿತು.

ನನ್ನ ಮೊದಲ ಮ್ಯಾಗಜಿನ್‌ನಲ್ಲಿ ಕೊನೆಯ ಗುಂಡು ಹಾರಿದ ಮೇಲೆ ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಭಾಗ) ನಿಲ್ಲಬೇಕಾದಂತೆ ಹಿಂದೆಯೇ ನಿಲ್ಲುತ್ತಿರಲಿಲ್ಲ. ಶುಚಿಗೊಳಿಸಿದರೂ ಅದು ಸರಿಹೋಗದೆ, ಹೊಸ ಸ್ಪ್ರಿಂಗ್ ಹಾಕಿದ ದಿನವೇ ಸರಿಹೋಯಿತು. ಎರಡನೆಯದರಲ್ಲಿ ಗುಂಡು ಮೂತಿ ತಗ್ಗಿಸಿ ಸಿಕ್ಕಿಕೊಳ್ಳುತ್ತಿತ್ತು. ಹೊಸ ಸ್ಪ್ರಿಂಗ್‌ನಿಂದಲೂ ಆ ದೋಷ ಹೋಗಲಿಲ್ಲ, ಏಕೆಂದರೆ ಗುಂಡನ್ನು ಹಿಡಿದಿಡುವ ಮೇಲಿನ ಅಂಚುಗಳೇ ಬಾಗಿದ್ದವು. ಆ ಮ್ಯಾಗಜಿನ್ನನ್ನು ಬಳಕೆಯಿಂದ ತೆಗೆದೆ. ಮೂರನೆಯದು ಹಳೆಯ ಸ್ಪ್ರಿಂಗ್‌ನಲ್ಲೇ ನಿರ್ದೋಷವಾಗಿ ನಡೆಯುತ್ತಿದೆ.

ಹೊಸ ಸ್ಪ್ರಿಂಗ್ ಹಳೆಯದಕ್ಕಿಂತ ಉದ್ದವಾಗಿ ಕಾಣುತ್ತದೆ ಎಂಬ ಕಾರಣಕ್ಕೆ ಹಳೆಯದನ್ನು ಎಸೆಯುವುದು ತಪ್ಪು. ಮೊದಲ ಸಲ ಪೂರ್ತಿ ತುಂಬಿದಾಗಲೇ ಹೊಸದೂ ಸ್ವಲ್ಪ ಕುಗ್ಗಿ, ಆಮೇಲೆ ಒಂದು ಅಳತೆಯಲ್ಲಿ ನಿಲ್ಲುತ್ತದೆ. ಹೋಲಿಕೆ ಮಾಡುವುದಾದರೆ ಅದರ ನಂತರವೇ ಮಾಡಬೇಕು.

ತಳ ಬೆಸುಗೆಯಾಗಿರುವ ಮ್ಯಾಗಜಿನ್‌ನಲ್ಲಿ ಸ್ಪ್ರಿಂಗ್ ಬದಲಿಸಲು ತಾಳ್ಮೆ ಬೇಕು. ಗುಂಡುಗಳನ್ನೆಲ್ಲ ತೆಗೆದು, ಫಾಲೋವರನ್ನು (ಸ್ಪ್ರಿಂಗಿನ ಮೇಲೆ ಕೂತು ಗುಂಡುಗಳನ್ನು ಹೊರುವ ತಟ್ಟೆಯನ್ನು) ಕೆಳಕ್ಕೆ ಒತ್ತಿ, ಪಕ್ಕದ ರಂಧ್ರದಲ್ಲಿ ಸಣ್ಣ ಕಡ್ಡಿಯನ್ನು ತೂರಿಸಿ ಸ್ಪ್ರಿಂಗನ್ನು ತಡೆದರೆ ಫಾಲೋವರ್ ಸಡಿಲವಾಗಿ ಹೊರಬರುತ್ತದೆ. ಕಡ್ಡಿ ಎಳೆಯುವಾಗ ಸ್ಪ್ರಿಂಗ್ ಮುಖಕ್ಕೆ ಚಿಮ್ಮುವ ಸಂಭವವಿರುವುದರಿಂದ ಕಣ್ಣಿಗೆ ಕನ್ನಡಕವಿರಲಿ, ಮ್ಯಾಗಜಿನ್ನಿನ ಬಾಯಿಗೆ ಅಂಗೈ ಅಡ್ಡವಿರಲಿ. ಸ್ಪ್ರಿಂಗಿನ ಯಾವ ತುದಿ ಮೇಲಿತ್ತು, ಯಾವ ಕಡೆಗೆ ಮುಖ ಮಾಡಿತ್ತು ಎಂಬುದನ್ನು ಮೊದಲೇ ಗಮನಿಸಿರಬೇಕು.

ವುಲ್ಫ್ ಸ್ಪ್ರಿಂಗಿನ ತಯಾರಿಕೆ ಅಚ್ಚುಕಟ್ಟಾಗಿದೆ. ಮೂಲದ್ದಕ್ಕಿಂತ ತುಸು ಬಿಗಿಯಾಗಿರುವುದರಿಂದ ಏಳನೆಯ ಗುಂಡನ್ನು ತುಂಬುವಾಗ ಹೆಬ್ಬೆರಳಿಗೆ ಶ್ರಮವಾಗುತ್ತದೆ, ಆದರೆ ಸ್ಲೈಡಿನ ಓಟಕ್ಕೆ ಅಡ್ಡಿಯಾಗಿಲ್ಲ. ಸ್ಲೈಡ್ ನಿಲ್ಲದಿರುವ ತೊಂದರೆ ಇದ್ದವರು ಖಂಡಿತ ಕೊಳ್ಳಬಹುದು. ಎರಡನೆಯ ಮ್ಯಾಗಜಿನ್‌ನಿಂದ ತೆಗೆದದ್ದೂ ಸೇರಿ ಎರಡು ಸ್ಪ್ರಿಂಗ್‌ಗಳು ನನ್ನ ಪೆಟ್ಟಿಗೆಯಲ್ಲಿವೆ. ಮೂರನೆಯ ಮ್ಯಾಗಜಿನ್ ತೊಂದರೆ ಕೊಡುವವರೆಗೆ ಅವು ಅಲ್ಲಿಯೇ ಇರುತ್ತವೆ.